ಮಳೆಯನ್ನು ಹಿಂಬಾಲಿಸುವ ಮಂದೆ

ಪೂರ್ವ ಆಫ್ರಿಕಾದ ಟಾಂಜಾನಿಯಾ ದೇಶದ ಉತ್ತರಭಾಗದಲ್ಲಿ ಸೆರೆಂಗೆಟಿ ಎಂಬ ಮಹಾಬಯಲಿದೆ. ಭೂಮಿಯು ಕೊನೆಯಿಲ್ಲದೆ ಹರಡಿರುವ ಎಡೆ ಎಂದು ಆ ಹೆಸರಿಗೆ ಮಸಾಯಿ ಜನರ ನುಡಿಯಲ್ಲಿ ಅರ್ಥ ಹೇಳುವರು. ಎತ್ತ ನೋಡಿದರೂ ಹುಲ್ಲು. ಅಲ್ಲಲ್ಲಿ ಕೊಡೆ ಹಿಡಿದಂತೆ ನಿಂತ ಜಾಲಿಯ ಮರಗಳು. ಈ ಬಯಲಿನ ಬಾಳು ವಿಲ್ಡಬೀಸ್ಟ್ ಎಂಬ ಸಾಧುಪ್ರಾಣಿಯೊಂದನ್ನು ಆಶ್ರಯಿಸಿಕೊಂಡಿದೆ.

ಇದು ಹುಲ್ಲೆಯ ಜಾತಿಗೆ ಸೇರಿದುದಾದರೂ ಹುಲ್ಲೆಯ ಚೆಲುವು ಇದಕ್ಕಿಲ್ಲ. ಎಮ್ಮೆಯ ಕೋಡು, ಕುದುರೆಯ ಬಾಲ, ಮೇಕೆಯ ಗಡ್ಡ; ಬೇರೆ ಮೃಗಗಳನ್ನು ಮಾಡಿ ಮಿಕ್ಕ ತುಣುಕುಗಳಿಂದ ಬ್ರಹ್ಮನು ಇದನ್ನು ಸೃಷ್ಟಿಸಿದನೋ ಎಂದು ತೋರುವುದು.

ಪ್ರತಿವರ್ಷವೂ ಫೆಬ್ರವರಿಯ ಸುಮಾರಿಗೆ ದಕ್ಷಿಣದ ಗಿಡ್ಡಹುಲ್ಲಿನ ಬಯಲಿನಲ್ಲಿ ಇವು ಈಯುವುವು. ಪೂರ್ವಕಾಲದಲ್ಲಿ ಅಗ್ನಿಪರ್ವತಗಳು ಕಾರಿದ ಬೂದಿಯಿಂದಾದ ಆ ನೆಲದ ಹುಲ್ಲಿನಲ್ಲಿ, ಹಾಲೂಡುವ ತಾಯಿಗೆ ಬೇಕಾದ ಸುಣ್ಣ ರಂಜಕಾದಿ ಸತ್ತ್ವಗಳು ಹೇರಳವಾಗಿವೆ. ಕರುಗಳಲ್ಲಿ ಬಹುಪಾಲು ಎರಡು ಮೂರು ವಾರಗಳೊಳಗೇ ಹುಟ್ಟುವುವು. ಆದಕಾರಣ ಸಿಂಹಗಳೂ ಕತ್ತೆಕಿರುಬಗಳೂ ಎಷ್ಟು ತಿಂದರೂ ಅವನ್ನೆಲ್ಲ ಮುಗಿಸಲಾರವು. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಕರು ಎದ್ದುನಿಂತು ತಾಯಿಯನ್ನು ಹಿಂಬಾಲಿಸುವುದು.

ಮೇ ತಿಂಗಳ ಹೊತ್ತಿಗೆ ಮಳೆ ನಿಂತು ಆ ಬಯಲು ಒಣಗುವುದು. ಆಗ ಮಂದೆಯು ಪಶ್ಚಿಮಕ್ಕೂ ಬಳಿಕ ಉತ್ತರಕ್ಕೂ ಸಾಗಿ, ಕೀನ್ಯಾ ದೇಶದ ಗಡಿಯವರೆಗೂ ಅದರಾಚೆಗೂ ನಡೆದು, ಒಣಗಾಲದಲ್ಲಿಯೂ ಬತ್ತದ ಮಾರಾ ನದಿಯ ಪ್ರಾಂತ್ಯವನ್ನು ಸೇರುವುದು. ನವೆಂಬರಿನ ಸುಮಾರಿಗೆ ದಕ್ಷಿಣದಲ್ಲಿ ಮಳೆ ಬಿದ್ದೊಡನೆ ಹಿಂತಿರುಗುವುದು. ಈ ಯಾತ್ರೆಗೆ ಮೃಗಗಳಲ್ಲಿ ನಾಯಕನಿಲ್ಲ, ಮಳೆಯೇ ನಾಯಕ. ನದಿಯ ದಡದಲ್ಲಿ ಸಾವಿರಾರು ಪ್ರಾಣಿಗಳು ಅಂಜಿ ನಿಂತಿರುವುವು. ಒಂದು ಧುಮುಕಿತೆಂದರೆ ಗತಾನುಗತಿಕನ್ಯಾಯದಿಂದ ಉಳಿದುವೂ ಧುಮುಕುವುವು. ಕೆಲವು ಮೊಸಳೆಯ ಬಾಯಿಗೆ ಬೀಳುವುವು. ವರ್ಷಕ್ಕೆ ಸಾವಿರಾರು ಪ್ರವಾಹದಲ್ಲಿ ಮುಳುಗುವುವು. ಆ ಕಳೇಬರಗಳಿಂದ ಮೀನುಗಳೂ ರಣಹದ್ದುಗಳೂ ಜೀವಿಸುವುವು.

ಇಂತಹ ಮಂದೆಯೂ ಒಮ್ಮೆ ಕ್ಷೀಣಿಸಿ ಹೋಗಿತ್ತು. 1890ರ ಸುಮಾರಿಗೆ, ನಮ್ಮ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಮಾರಿಯು ಆ ಸೀಮೆಯನ್ನು ಹೊಕ್ಕಿತು. ಮಸಾಯಿ ಜನರ ದನಗಳು ಸತ್ತುವು, ದನಗಳನ್ನೇ ನಂಬಿದ್ದ ಜನರು ಹಸಿವಿನಿಂದ ಸತ್ತರು, ವಿಲ್ಡಬೀಸ್ಟುಗಳೂ ಸತ್ತುವು. ಅನಂತರ ಹಲವು ದಶಕಗಳವರೆಗೆ ಎಳೆಯ ಕರುಗಳು ಆ ರೋಗಕ್ಕೆ ತುತ್ತಾಗುತ್ತಿದ್ದುವು. ಕಾಡುಮೃಗಗಳೇ ರೋಗವನ್ನು ಕಾಪಾಡಿಕೊಂಡು ಊರ ದನಗಳಿಗೆ ಹಂಚುವುವೆಂಬ ಶಂಕೆಯೂ ಇತ್ತು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ ನಿಜವು ಹೊರಬಿದ್ದಿತು. ದನಗಳಲ್ಲಿ ರೋಗವು ಅಡಗಿದೊಡನೆ, ಒಂದು ಸೂಜಿಯನ್ನೂ ಕಾಣದ ಕಾಡುಮಂದೆಯಲ್ಲಿಯೂ ಅದು ಮಾಯವಾಯಿತು. 1961ರಲ್ಲಿ ಸುಮಾರು 2,60,000 ಇದ್ದ ವಿಲ್ಡಬೀಸ್ಟುಗಳು 1977ರ ವೇಳೆಗೆ ಸುಮಾರು 13 ಲಕ್ಷವಾದುವು.

ಮೇಯುವ ಬಾಯಿಗಳು ಹೆಚ್ಚಿದುದರಿಂದ ಒಣಹುಲ್ಲು ಉಳಿಯದೆ ಕಾಳ್ಗಿಚ್ಚು ತಗ್ಗಿತು. ಕಿಚ್ಚು ತಗ್ಗಿದುದರಿಂದ ಎಳೆಯ ಸಸಿಗಳು ಬೆಳೆದು ಮರವಾದುವು. 2011ರಲ್ಲಿ ಆ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು.

ಹಟ್ಟಿಗೂ ಕಾಡಿಗೂ ನಡುವೆ ಮನುಷ್ಯನು ಎಳೆದ ಗೆರೆಯನ್ನು ರೋಗವು ಗಣಿಸಲಿಲ್ಲ, ಆರೋಗ್ಯವೂ ಗಣಿಸಲಿಲ್ಲ. ಗೋಪಾಲಕನ ಹಟ್ಟಿಯಲ್ಲಿ ಹಸುವಿಗೆ ಮಾಡಿದ ಉಪಚಾರದ ಫಲವು ಸೆರೆಂಗೆಟಿಯ ಜಾಲಿಮರದ ನೆರಳಿನವರೆಗೂ ಮುಟ್ಟಿತು.