ತಳದಲ್ಲೊಂದು ರಂಧ್ರ

ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ಓದುವಾಗ ನಮ್ಮ ಮನಸ್ಸು ಬಿರುಗಾಳಿಯ ಮೇಲೂ ಹಡಗೊಡೆದ ಪ್ರಸಂಗದ ಮೇಲೂ ನಿಲ್ಲುತ್ತದೆ. ನಡುವೆ ಬರುವ ಒಂದು ಚಿಕ್ಕ ಸಂಗತಿಯನ್ನು ದಾಟಿ ಹೋಗುತ್ತೇವೆ. ಸಂತ ಪೌಲನು ಕೈದಿಯಾಗಿ ರೋಮಿನ ಕಡೆಗೆ ಸಾಗುತ್ತಿದ್ದ ಆ ಹಡಗಿನಲ್ಲಿ 276 ಜನರಿದ್ದರು. ಹದಿನಾಲ್ಕನೆಯ ರಾತ್ರಿ, ನೆಲ ಹತ್ತಿರವಾಗುತ್ತಿದೆಯೆಂಬ ಗುಮಾನಿ ನಾವಿಕರಿಗೆ ಬಂದಿತು. ಅವರು ಆಳ ಅಳೆಯಲು ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟರು, ಇಪ್ಪತ್ತು ಮಾರು. ತುಸು ಮುಂದೆ ಸಾಗಿ ಮತ್ತೆ ಇಳಿಬಿಟ್ಟರು; ಹದಿನೈದು ಮಾರು. ಕೂಡಲೇ ಹಡಗಿನ ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಹಾಕಿ, ಬೆಳಗಾಗುವುದನ್ನೇ ಕಾದರು. ಸಂತ ಲೂಕನು ಬಳಸಿದ ಗ್ರೀಕ್ ಅಳತೆ ಚಾಚಿದ ಎರಡು ತೋಳುಗಳ ಅಗಲ, ನಮ್ಮ ಹೂವಾಡಗಿತ್ತಿ ಅಳೆಯುವ ಅದೇ ಮಾರು, ಸುಮಾರು ಆರು ಅಡಿ. ಇಪ್ಪತ್ತು ಮಾರು ನೀರು ಯಾವ ಹಡಗಿಗೂ ಧಾರಾಳ. ಆ ಸಂಖ್ಯೆಯೊಂದರಲ್ಲಿ ಅಪಾಯವೇನೂ ಕಾಣದು. ಎರಡನೆಯ ಅಳತೆ ಬಂದಾಗಲೇ ನೆಲ ಮೇಲೇರುತ್ತಿರುವುದು ಅವರಿಗೆ ಗೊತ್ತಾದದ್ದು.

ಗುರುಮಠದಲ್ಲಿ ಈ ಅಧ್ಯಾಯವನ್ನು ಅಭ್ಯಸಿಸಿದಾಗ, ಲೂಕನು 'ನಾವು' ಎಂದು ಬರೆದದ್ದೇಕೆ ಎಂಬುದರ ಬಗ್ಗೆಯೇ ನಮ್ಮ ಚರ್ಚೆಯೆಲ್ಲ ನಡೆಯಿತು. ಹಗ್ಗದ ಬಗ್ಗೆ ಯಾರೂ ಕೇಳಲಿಲ್ಲ.

ಸಮುದ್ರದಿಂದ ಬಹುದೂರವಿರುವ ಹುಮನಾಬಾದಿನಲ್ಲಿ ನನಗೆ ಆ ಹಗ್ಗವನ್ನು ನೆನಪಿಸಿದವನು ನಮ್ಮ ಧರ್ಮಕೇಂದ್ರದ ಒಬ್ಬ ಯುವಕ. ಪುಣೆ–ಹೈದರಾಬಾದ್ ಹೆದ್ದಾರಿಯ ಬದಿಯ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತ ಅವನು, ಏಳು ವರ್ಷಗಳಿಂದ ಕೊಲ್ಲಿ ರಾಷ್ಟ್ರವೊಂದರ ದೋಣಿ ಕಾರ್ಖಾನೆಯಲ್ಲಿದ್ದಾನೆ. ಚಿಕ್ಕ ಹಾಯಿದೋಣಿಗಳಿಗೆ ಆಳವನ್ನೂ ವೇಗವನ್ನೂ ತಿಳಿಸುವ ಸಾಧನಗಳನ್ನು ಜೋಡಿಸುವುದು ಅವನ ಕೆಲಸ. ಕಳೆದ ಮೇ ತಿಂಗಳಲ್ಲಿ ರಜೆಯ ಮೇಲೆ ಬಂದಿದ್ದಾಗ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ಗುರುನಿವಾಸದ ಜಗಲಿಯಲ್ಲಿ ಅದನ್ನೆಲ್ಲ ವಿವರಿಸಿದ. ಬಸವಕಲ್ಯಾಣದ ಕಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡುವ ಅವನ ತಂದೆಯೂ ಜೊತೆಗಿದ್ದರು.

ಟ್ರಾನ್ಸ್‌ಡ್ಯೂಸರ್ ಎಂಬ ಈ ಸಾಧನ ವಿದ್ಯುತ್ತನ್ನು ಶಬ್ದವಾಗಿಯೂ, ಮರಳಿ ಬಂದ ಶಬ್ದವನ್ನು ವಿದ್ಯುತ್ತಾಗಿಯೂ ಮಾರ್ಪಡಿಸುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಚಲಿಸುತ್ತದೆ. ಹತ್ತು ಮೀಟರ್ ಆಳದ ತಳವನ್ನು ಮುಟ್ಟಿ ಹಿಂದಿರುಗಲು ಅದಕ್ಕೆ ಸೆಕೆಂಡಿನ ಎಪ್ಪತ್ತೈದರಲ್ಲಿ ಒಂದು ಭಾಗ ಸಾಕು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಿಮಗಡ್ಡೆಗಳನ್ನು ದೂರದಿಂದಲೇ ಪತ್ತೆಹಚ್ಚುವ ಉಪಾಯವನ್ನು ಹುಡುಕಿದವರಲ್ಲಿ ಜರ್ಮನಿಯ ಅಲೆಕ್ಸಾಂಡರ್ ಬೆಹ್ಮ್ ಒಬ್ಬರು. ಹುಡುಕಿದ್ದು ಹಿಮಗಡ್ಡೆಯನ್ನು, ಕೈಗೆ ಸಿಕ್ಕಿದ್ದು ಕಡಲ ತಳ. ವೇಗವನ್ನು ಅಳೆಯುವ ಕ್ರಮ ಇನ್ನೂ ಸರಳ. ದೋಣಿಯ ಅಡಿಯಲ್ಲಿ ಹೆಬ್ಬೆರಳ ಗಾತ್ರದ ಪುಟ್ಟ ಚಕ್ರವೊಂದು ನೀರಿನ ಹರಿವಿಗೆ ತಿರುಗುತ್ತದೆ. ಅದರಲ್ಲಿರುವ ಅಯಸ್ಕಾಂತದಿಂದ ಸುತ್ತುಗಳ ಎಣಿಕೆಯಾಗುತ್ತದೆ. ಜಿಪಿಎಸ್ ಇರುವಾಗ ಚಕ್ರವೇಕೆ ಎಂದು ಕೇಳಿದೆ. ಜಿಪಿಎಸ್ ನೆಲದ ಮೇಲಿನ ವೇಗವನ್ನು ಹೇಳುತ್ತದೆ, ಚಕ್ರ ನೀರಿನೊಳಗಿನ ವೇಗವನ್ನು. ಇವೆರಡರ ಅಂತರದಿಂದಲೇ ಪ್ರವಾಹ ದೋಣಿಯನ್ನು ಎತ್ತ ಸೆಳೆಯುತ್ತಿದೆಯೆಂದು ತಿಳಿಯುವುದು ಎಂದ.

ಕಷ್ಟವಿರುವುದು ಜೋಡಣೆಯಲ್ಲಿ. ಇದಕ್ಕಾಗಿ ದೋಣಿಯ ತಳದಲ್ಲಿ ಸುಮಾರು ಎರಡು ಅಂಗುಲ ಅಗಲದ ರಂಧ್ರವನ್ನು ಕೊರೆಯಬೇಕು!

"ತಳಕ್ಕೇ ತೂತು ಹೊಡದ್ರ ದೋಣಿ ಮುಳಗಲ್ಲೇನೊ?" ಎಂದರು ತಂದೆ.

"ಸರಿಯಾಗಿ ಹೊಡೀಲಿಲ್ಲಂದ್ರ ಮುಳಗ್ತದಪ್ಪ," ಎಂದ ಮಗ, ನಗದೆ.

ಮೊದಲ ಸಲ ಇನ್ನೊಬ್ಬರ ಹೊಸ ದೋಣಿಗೆ ಕೊರೆಯುವ ಯಂತ್ರವನ್ನು ಇಟ್ಟಾಗ ಅವನ ಕೈ ನಡುಗಿತ್ತಂತೆ. ಯಂತ್ರವನ್ನು ಚಾಲೂ ಮಾಡುವ ಮೊದಲು ಸ್ಥಳದ ಆಯ್ಕೆಗೇ ಅರ್ಧ ದಿನ ಹಿಡಿಯುತ್ತದೆ. ಹಾಯಿದೋಣಿಯ ಅಡಿಯಲ್ಲಿ ಕೀಲ್ ಎಂಬ ಭಾರವಾದ ರೆಕ್ಕೆ ಇಳಿದಿರುತ್ತದೆ. ಅದರ ಹಿಂದೆ ನೀರು ಕಲಕಿ ಗುಳ್ಳೆಗಳೇಳುತ್ತವೆ. ಗುಳ್ಳೆಯೊಳಗಿನ ಗಾಳಿ ಶಬ್ದವನ್ನು ತಡೆಯುತ್ತದೆ. ಆದ್ದರಿಂದ ಸಾಧನವಿರಬೇಕಾದದ್ದು ಕೀಲಿನ ಮುಂದೆ, ಆದರೆ ಕೀಲೇ ಶಬ್ದಕ್ಕೆ ಅಡ್ಡ ಬರುವಷ್ಟು ಹತ್ತಿರವಲ್ಲ. ಒಳಗಿನಿಂದ ಕೈಗೆ ಎಟಕುವಂತೆಯೂ ಇರಬೇಕು. ಮರದ ದೋಣಿಯಾದರೆ ಪ್ಲಾಸ್ಟಿಕ್ ಕವಚವನ್ನು ಹಾಕುವಂತಿಲ್ಲ. ನೀರು ಕುಡಿದ ಮರ ಹಿಗ್ಗಿ ಅದನ್ನು ಸೀಳುತ್ತದೆ. ಫೈಬರ್‌ನ ಎರಡು ಪದರಗಳ ನಡುವೆ ಹಗುರ ಮರವನ್ನೋ ಫೋಮನ್ನೋ ತುಂಬಿದ ದೋಣಿಯಾದರೆ, ರಂಧ್ರದ ಸುತ್ತ ಆ ತುಂಬುವಿಕೆಯನ್ನು ಕೆರೆದು ತೆಗೆದು ಎಪಾಕ್ಸಿಯಿಂದ ಮುಚ್ಚಬೇಕು. ಇಲ್ಲವಾದರೆ ನೀರು ದೋಣಿಯೊಳಕ್ಕೆ ಬಾರದೆಯೇ ಅದರ ಗೋಡೆಯೊಳಗೆ ಸೇರಿ, ಕಣ್ಣಿಗೆ ಕಾಣದಂತೆ ಕೊಳೆಸುತ್ತ ಹೋಗುತ್ತದೆ. ಮುಳುಗುವುದಕ್ಕಿಂತ ಇದಕ್ಕೇ ತಾನು ಹೆಚ್ಚು ಹೆದರುವುದು ಎಂದು ಅವನು ಹೇಳಿದ.

ಪಾಚಿ ಮೆತ್ತಿಕೊಂಡ ಚಕ್ರವನ್ನು ತೊಳೆಯಲು ಆಗಾಗ ಹೊರತೆಗೆಯಬೇಕಾಗುತ್ತದೆ. ತೆಗೆದ ಕ್ಷಣವೇ ನೀರು ಕಾರಂಜಿಯಂತೆ ಚಿಮ್ಮುತ್ತದೆ. ಬಿರಡೆಯನ್ನು ಇನ್ನೊಂದು ಕೈಯಲ್ಲಿ ಸಿದ್ಧವಾಗಿ ಹಿಡಿದಿರಬೇಕು. ಹೊಸ ಯಜಮಾನರಿಗೆ ಅವನು ಮೊದಲು ಅಭ್ಯಾಸ ಮಾಡಿಸುವುದು ಇದನ್ನೇ.

ಜೋಡಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸಾಧನ ತನ್ನ ಮುಖದಿಂದ ಕೆಳಗಿನ ಆಳವನ್ನು ಮಾತ್ರ ತೋರಿಸುತ್ತದೆ. ಕೀಲ್ ಅದಕ್ಕಿಂತ ಒಂದು ಮೀಟರ್ ಕೆಳಗಿದ್ದು, ಪರದೆಯ ಮೇಲೆ ಒಂದೂವರೆ ಮೀಟರ್ ಎಂದಿದ್ದರೆ, ದೋಣಿ ನೆಲಕ್ಕೆ ತಾಗಲು ಉಳಿದಿರುವುದು ಅರ್ಧ ಮೀಟರ್ ಮಾತ್ರ. ಆ ಅಂತರವನ್ನು ಸಾಧನಕ್ಕೆ ತಿಳಿಸಿಕೊಡಬೇಕು. ತಿಳಿಸಿದ್ದು ಸರಿಯೇ ಎಂದು ಹೇಗೆ ನೋಡುವುದು? ನಿಂತ ನೀರಿನಲ್ಲಿ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು. ಸಂತ ಪೌಲನ ಹಡಗಿನ ಆ ಹಗ್ಗ ಇಂದಿಗೂ ಕೆಲಸದಲ್ಲಿದೆ ಎಂದು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

"ಇದು ನಮ್ಮ ಕಾರಂಜಾಕ್ಕೆ ನಡೀತದೇನು?" ಎಂದು ತಂದೆ ಕೇಳಿದರು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿಯ ಕಾರಂಜಾ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ ಎಂದು ನಾವು ಓದುತ್ತೇವೆ. ಜಲಾಶಯಗಳಲ್ಲಿ ನಡೆಯುವುದು ನಿಜಕ್ಕೂ ಇದೇ ಕ್ರಮ: ದೋಣಿಗೆ ಇಂಥದೇ ಸಾಧನವನ್ನು ಕಟ್ಟಿ, ಉತ್ತ ಸಾಲುಗಳಂತೆ ಅತ್ತಿತ್ತ ಓಡಾಡಿಸಿ ತಳದ ನಕ್ಷೆಯನ್ನು ತಯಾರಿಸುತ್ತಾರೆ. ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಸುಮಾರು 133 ಟಿಎಂಸಿ ನೀರಿಗೆ ಸ್ಥಳವಿತ್ತು. 2016ರ ಸಮೀಕ್ಷೆಯಲ್ಲಿ ಅದು ಸುಮಾರು 105.8ಕ್ಕೆ ಇಳಿದಿತ್ತು. ಉಳಿದ ಸ್ಥಳವನ್ನು ಹೂಳು ಆಕ್ರಮಿಸಿದೆ. ದಡದಿಂದ ನೋಡುವವನಿಗೆ ಎರಡೂ ಕಾಲದ ತುಂಬಿದ ಜಲಾಶಯ ಒಂದೇ. ಅದೇ 2016ರ ಏಪ್ರಿಲ್‌ನಲ್ಲಿ ನಮ್ಮ ನೆರೆಯ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದದ್ದನ್ನು ಈ ಭಾಗದವರು ಮರೆತಿಲ್ಲ.

ತಂದೆಯ ಚಿಂತೆ ಜಲಾಶಯದ್ದಾಗಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಹೊಲದಲ್ಲಿ ಎರಡು ಕೊಳವೆಬಾವಿಗಳು ಬತ್ತಿದ್ದವು. ಮಗ ತಂದ ಹಣದಲ್ಲಿ ಮೂರನೆಯದನ್ನು ಕೊರೆಸಬೇಕೆಂದು ಅವರು ನಿಶ್ಚಯಿಸಿದ್ದರು. ಮಗನಿಗೆ ಅದು ಒಪ್ಪಿಗೆಯಿರಲಿಲ್ಲ. ಮನೆಯಲ್ಲಿ ಮಾತು ಬಿಸಿಯೇರಿದ್ದರಿಂದಲೇ ಅಪ್ಪ ಮಗ ಇಬ್ಬರೂ ಗುರುನಿವಾಸಕ್ಕೆ ಬಂದಿದ್ದರು. ತಂದೆ ತಮ್ಮ ಅಣ್ಣತಮ್ಮಂದಿರೊಡನೆ 1980ರ ದಶಕದಲ್ಲಿ ತೋಡಿದ್ದ ತೆರೆದ ಬಾವಿಯನ್ನು ಮೊದಲು ಅಳೆಯೋಣ ಎಂಬುದು ಮಗನ ಹಟ.

ಮರುದಿನ ನಾನೂ ಹೋದೆ. ಲಾರಿಯ ದೊಡ್ಡ ನಟ್ಟೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ನೀರಿಗೆ ಐದು ಮಾರು, ತಳಕ್ಕೆ ಏಳು.

"ತೋಡಿದಾಗ ಒಂಬತ್ತಿತ್ತು," ಎಂದರು ತಂದೆ, ತುಸು ತಗ್ಗಿದ ದನಿಯಲ್ಲಿ.

"ಆ ಒಂಬತ್ತು ಎಲ್ಲಿಂದ ಅಳದದ್ದಪ್ಪ?"

ನೆಲಮಟ್ಟದಿಂದ. ಈಗ ಹಗ್ಗ ಹಿಡಿದದ್ದು ಆಮೇಲೆ ಕಟ್ಟಿದ ಕಟ್ಟೆಯ ಮೇಲಿನಿಂದ. ಅದು ಮೂರು ಅಡಿ ಎತ್ತರ, ಎಂದರೆ ಅರ್ಧ ಮಾರು. ಹಾಗಾದರೆ ತುಂಬಿದ ಹೂಳು ಎರಡಲ್ಲ, ಎರಡೂವರೆ ಮಾರು; ಹದಿನೈದು ಅಡಿ. ತಂದೆ ಹಗ್ಗವನ್ನು ಸುತ್ತಿಕೊಳ್ಳುತ್ತ ಬಹಳ ಹೊತ್ತು ಬಾವಿಯೊಳಗೇ ನೋಡುತ್ತಿದ್ದರು.

ಮಗನ ರಜೆ ಮುಗಿಯುವ ಮೊದಲೇ ಹೂಳೆತ್ತಲು ಕ್ರೇನು ಬಂದಿತು. ಕೊಳವೆಬಾವಿಯ ಮಾತನ್ನು ತಂದೆ ಪೂರ್ತಿ ಬಿಟ್ಟಿಲ್ಲ. ಮುಂದಿನ ಬೇಸಿಗೆಯವರೆಗೆ ನೋಡೋಣ ಎನ್ನುತ್ತಾರೆ. ಬಾವಿಯ ಕಟ್ಟೆಯ ಒಳಬದಿಗೆ ಮಗ ಬಣ್ಣದಲ್ಲಿ 'ನೆಲಮಟ್ಟದಿಂದ' ಎಂದು ಬರೆದು, ಅದರ ಕೆಳಗೆ ಮೇ ತಿಂಗಳ ಅಳತೆಯನ್ನು ನಮೂದಿಸಿ ಹೋಗಿದ್ದಾನೆ. ಮುಂದಿನ ಮೇ ತಿಂಗಳಿಗೆ ಪಕ್ಕದಲ್ಲಿ ಜಾಗ ಬಿಟ್ಟಿದೆ.