ಕರಿ ಪರದೆಯ ಟಪಾಲು

ಮಟ್ ಎಂಬ ಇಮೇಲ್ ತಂತ್ರಾಂಶ ತೆರೆದರೆ ಚಿತ್ರವಿಲ್ಲ, ಜಾಹೀರಾತಿಲ್ಲ. ಕರಿ ಪರದೆ, ಸಾಲುಸಾಲು ಪತ್ರ, ಅಷ್ಟೇ. 'ಜೆ' ಒತ್ತಿದರೆ ಕೆಳಗೆ, 'ಕೆ' ಒತ್ತಿದರೆ ಮೇಲೆ, 'ಆರ್' ಒತ್ತಿದರೆ ಉತ್ತರ. ಧಾರವಾಡದ ಜಿಟಿಜಿಟಿ ಮಳೆಗೆ ಹೊರಬೀಳಲಾಗದ ಸಂಜೆಗಳನ್ನು ಇದರ ಸೆಟ್ಟಿಂಗ್ ತಿದ್ದುವುದರಲ್ಲೇ ಕಳೆಯುತ್ತೇನೆ. ಮನೆಯವರಿಗೆ ಇದು ಆಫೀಸಿನ ಕೆಲಸದಂತೆ ಕಾಣುತ್ತದೆ, ಕಾಣಲಿ ಬಿಡಿ.

ಮೈಕೆಲ್ ಎಲ್ಕಿನ್ಸ್ ಮಟ್ ಬರೆದದ್ದು 1995ರಲ್ಲಿ. ಅದೇ ವರ್ಷದ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. ಶೆಲ್ ಅಕೌಂಟ್ ಕೊಂಡವರು 'ಪೈನ್' ಎಂಬ ಇಂಥದೇ ಬರೀ ಅಕ್ಷರದ ಪರದೆಯಲ್ಲಿ ಮೇಲ್ ಓದುತ್ತಿದ್ದರು. ಅವರಿಗೆ ಬೇರೆ ಗತಿಯಿರಲಿಲ್ಲ, ನನ್ನದು ಚಟ.

ನಿಜವಾದ ಮೋಜು ಇರುವುದು ಪತ್ರಗಳನ್ನು ಕೂಡಿಡುವ ವಿಧಾನವಾದ ಮೇಲ್‌ಡಿರ್‌ನಲ್ಲಿ. ಒಂದು ಪತ್ರಕ್ಕೆ ಒಂದು ಫೈಲ್. ಎಂಬಿಸಿಂಕ್ ಎಂಬ ತಂತ್ರಾಂಶ ಸರ್ವರ್‌ನಿಂದ ತಂದ ಪತ್ರ 'ಟಿಎಂಪಿ' ಫೋಲ್ಡರಿನಲ್ಲಿ ಪೂರ್ತಿ ಬರೆದಾದ ಮೇಲೆಯೇ 'ನ್ಯೂ' ಫೋಲ್ಡರಿಗೆ ಸರಿಯುತ್ತದೆ. ಹೀಗಾಗಿ ನಡುವೆ ಕರೆಂಟ್ ಹೋದರೂ ಅರ್ಧ ಪತ್ರ ಪೆಟ್ಟಿಗೆಗೆ ಬೀಳುವುದಿಲ್ಲ. ಓದಿದರೆ ಫೈಲಿನ ಹೆಸರಿನ ಬಾಲಕ್ಕೆ 'ಎಸ್', ಉತ್ತರಿಸಿದರೆ 'ಆರ್', ಟಪಾಲು ಕಚೇರಿಯ ಸಿಕ್ಕೆ ಬಿದ್ದಂತೆ.

ಕನ್ನಡ ಬಂದರೆ ಮಾತ್ರ ಈ ಕರಿ ಪರದೆ, ಅಂದರೆ ಟರ್ಮಿನಲ್, ತಡವರಿಸುತ್ತದೆ. ಒಂದೇ ಅಳತೆಯ ಖಾನೆಗಳಲ್ಲಿ ಒತ್ತಕ್ಷರವನ್ನು ಎಲ್ಲಿಡಬೇಕೆಂದು ಅದಕ್ಕೆ ತಿಳಿಯದು. 'ಹುಬ್ಬಳ್ಳಿ' ಎರಡು ಕಡೆ ಮುರಿಯುತ್ತದೆ. ಎಂಎಲ್‌ಟರ್ಮ್ ಎಂಬ ಟರ್ಮಿನಲ್ ವಾಸಿ. ಕಚ್ಚಾ ಫೈಲ್ ತೆರೆದರೆ ಇನ್ನೊಂದು ತಮಾಷೆ. ಯುಟಿಎಫ್-8ರಲ್ಲಿ ಕನ್ನಡದ ಒಂದು ಚಿಹ್ನೆಗೆ ಮೂರು ಬೈಟ್. ಬೇಸ್64 ಎಂಬ ಸಂಕೇತ ಪದ್ಧತಿ ಆ ಮೂರನ್ನು ನಾಲ್ಕು ರೋಮನ್ ಅಕ್ಷರ-ಅಂಕಿ-ಚಿಹ್ನೆಗಳಾಗಿಸುತ್ತದೆ. ಆ ವೇಷದಲ್ಲಿ ಬಂದ ಪತ್ರ ಕನ್ನಡ ಅಕ್ಷರದಿಂದ ಶುರುವಾಗಿದ್ದರೆ ಮೊದಲು ಕಾಣುವುದು ಯಾವಾಗಲೂ 4, ಎಲ್, ಕೆ. 'ನಮಸ್ಕಾರ'ಕ್ಕೂ ಅದೇ, 'ಆತ್ಮೀಯ'ಕ್ಕೂ ಅದೇ. ಇದರೊಳಗೆ ಕನ್ನಡ ಪದ ಹುಡುಕುವುದು ಫೈಲುಗಳಲ್ಲಿ ಪದ ಹುಡುಕುವ ಗ್ರೆಪ್‌ನ ಕೈಲಾಗದು. ನಾಟ್‌ಮಚ್ ಎಂಬ ಮೇಲ್ ಹುಡುಕುವ ತಂತ್ರಾಂಶ ವೇಷ ಕಳಚಿ ಹುಡುಕಿಕೊಡುತ್ತದೆ.

ಸಿಂಕ್ ಆದರೆ ಬ್ಯಾಕಪ್ ಆದಂತೆ ಎಂದು ನಂಬುವವರಿದ್ದಾರೆ. ಎಂಬಿಸಿಂಕ್ ಸೆಟ್ಟಿಂಗಿನಲ್ಲಿ ಎರಡೂ ಕಡೆ ಅಳಿಸು ಎಂದು ಬರೆದಿಟ್ಟಿದ್ದರೆ, ಸರ್ವರ್‌ನಲ್ಲಿ ಹೋದದ್ದು ಮನೆಯಲ್ಲೂ ಹೋಗುತ್ತದೆ. ಅದಕ್ಕೇ ನಾನು ಫೈಲು ನಕಲಿಸುವ ಆರ್‌ಸಿಂಕ್‌ನಲ್ಲಿ 'ಡಿಲೀಟ್' ಮುಟ್ಟದೆ ಬೇರೆ ಡಿಸ್ಕಿಗೆ ಇಳಿಸುತ್ತೇನೆ. ಬಾಲ ಬದಲಾದ ಪತ್ರ ಎರಡೆರಡು ಪ್ರತಿ ಉಳಿಯುತ್ತದೆ, ಉಳಿಯಲಿ. ಜೊತೆಗೆ ಮಟ್‌ನ ಸೆಟ್ಟಿಂಗ್ ಫೈಲಾದ ಮಟ್‌ಆರ್‌ಸಿ, ಗೂಢಲಿಪಿ ಬಿಡಿಸುವ ಜಿಪಿಜಿ ಕೀಲಿ. ಕೀಲಿ ಹೋದರೆ ಗೂಢಲಿಪಿಯಲ್ಲಿಟ್ಟ ಪಾಸ್‌ವರ್ಡ್ ಬರೀ ಕಸ.

ಇನ್ನೊಂದು ಡಿಸ್ಕ್ ಹುಬ್ಬಳ್ಳಿಯ ತಮ್ಮನ ಮನೆಯಲ್ಲಿ. ಸುಮಾರು 20 ಕಿಲೋಮೀಟರ್, ಚಿಗರಿ ಬಸ್ಸು. ಅವಳಿ ನಗರವನ್ನು ಬ್ಯಾಕಪ್‌ಗೆಂದೇ ಕಟ್ಟಿದಂತಿದೆ. ಹೋದಾಗಲೆಲ್ಲ ಡಿಸ್ಕನ್ನು ಓದಲು ಮಾತ್ರ ಬರುವಂತೆ ಜೋಡಿಸಿ ಪರೀಕ್ಷಿಸುತ್ತೇನೆ. "ಎಲ್ಲಾ ಫೋನ್‌ನ್ಯಾಗ ಬರತೈತಲ್ಲೋ ಅಣ್ಣಾ" ಅನ್ನುತ್ತಾನೆ. ಸಾಲ ಕೇಳಿ ಬರೆದ ಅವನ ಹಳೆಯ ಪತ್ರ ತೆಗೆದು ತೋರಿಸುತ್ತೇನೆ, ಎರಡೂ ಪ್ರತಿ.