ಬೇಲೂರಿನಿಂದ ಕಾಪು ಕಡಲಿಗೆ… ಒಬ್ಬಳೇ!

“ಒಬ್ರೇನಾ?”

ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೇಳಿದ ಮೊದಲ ಪ್ರಶ್ನೆ ಇದು. ಹೌದಪ್ಪಾ, ಒಬ್ಬಳೇ. ವಯಸ್ಸು ನಲವತ್ತೇಳು. ಚೀಲದಲ್ಲಿ ಎರಡು ಸೀರೆ, ಒಂದು ಡಬ್ಬ ಚಕ್ಕುಲಿ.

ದೇವಸ್ಥಾನದ ಬೀದಿಯಲ್ಲಿ ನಮ್ಮದೊಂದು ಪುಟ್ಟ ಅಂಗಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬಂದವರನ್ನು ನೋಡಿಕೊಂಡೇ ಬಾಳಿದವಳು ನಾನು. ಹೋದವಳಲ್ಲ. “ಒಂದ್ಸಲ ಸಮುದ್ರ ತೋರಿಸ್ತೀನಿ ಕಣೇ” ಅನ್ನುತ್ತಿದ್ದ ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷ.

ಹಾಗಾಗಿ ನಾನು ಕಂಡದ್ದು ಸಿನಿಮಾ ಸಮುದ್ರ ಮಾತ್ರ. ನಮ್ಮೂರ ಶಿಲ್ಪಿಯ ಕಥೆ 1964ರಲ್ಲೇ ‘ಅಮರಶಿಲ್ಪಿ ಜಕಣಾಚಾರಿ’ಯಾಗಿ ಬಣ್ಣದಲ್ಲಿ ಬಂತು. ಮಲ್ಪೆಯ ಕಡಲನ್ನು 2014ರ ‘ಉಳಿದವರು ಕಂಡಂತೆ’ಯಲ್ಲಿ ನೋಡಿದೆ. ಒಂದು ಮಾತು ಗಮನಿಸಿದ್ದೀರಾ? ನಮ್ಮ ಚಿತ್ರಗಳಲ್ಲಿ ಹೆಣ್ಣು ಒಬ್ಬಳೇ ಸಮುದ್ರಕ್ಕೆ ಬಂದಳು ಅಂದರೆ ಎರಡೇ ಕಾರಣ. ಒಂದು ಹಾಡಿಗೆ, ಇಲ್ಲಾ ಸಾಯೋದಕ್ಕೆ!

ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ. ಆಮೇಲೆ ಚಾರ್ಮಾಡಿ ಘಾಟಿಯ ತಿರುವುಗಳು. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಮುಚ್ಚಿದ್ದ ದಾರಿ ಇದೇ. ಮಳೆಗಾಲದಲ್ಲಿ ಹೋಗುವವರು ವಿಚಾರಿಸಿಕೊಂಡೇ ಹೊರಡಿ. ಸರಕಾರಿ ಬಸ್ಸಿನಲ್ಲಿ ನನಗೆ ಟಿಕೆಟ್ ಕಾಸಿಲ್ಲ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯ ಉಪಕಾರ. ಮಂಗಳೂರಿನಿಂದ ಉಡುಪಿ ಕಡೆಗೆ ಖಾಸಗಿ ಬಸ್ಸು ಹತ್ತಿದೆ. ಅಲ್ಲಿ ಕಾಸು ಬಿಚ್ಚಲೇಬೇಕು. ಉಡುಪಿಗೆ ಸುಮಾರು 13 ಕಿಲೋಮೀಟರ್ ಮುಂಚೆ ಕಾಪು.

ಇಳಿದ ಮೇಲೆ ನೋಡಿ ಪರದಾಟ! ಮೊದಲನೇ ಲಾಡ್ಜಿನವರು, “ಒಬ್ಬ ಹೆಂಗಸಿಗೆ ರೂಮ್ ಕೊಡೋದಿಲ್ಲಮ್ಮ” ಅಂದರು. ಎರಡನೆಯವರು ಮುಖವನ್ನೇ ದಿಟ್ಟಿಸಿದರು. ಅವರ ಮನಸ್ಸಲ್ಲಿ ಓಡುತ್ತಿದ್ದ ಸಿನಿಮಾ ನನಗೆ ಅರ್ಥವಾಯಿತು.

“ಸ್ವಾಮೀ, ನಾನು ಸಾಯಕ್ಕೆ ಬಂದವಳಲ್ಲ. ಸಮುದ್ರ ನೋಡಿ, ನಾಳೆ ಊಟ ಮಾಡ್ಕೊಂಡು ಹೋಗ್ತೀನಿ.”

ಆತ ನಕ್ಕರು. ಆದರೂ ಮಗನಿಗೆ ಫೋನ್ ಹಚ್ಚಿ ಕೊಟ್ಟ ಮೇಲೇ ಕೀಲಿಕೈ ಸಿಕ್ಕಿದ್ದು. ಇಪ್ಪತ್ತೆರಡರ ಹುಡುಗ ನಲವತ್ತೇಳರ ತಾಯಿಗೆ ಜಾಮೀನು! ನಗಬೇಕೋ, ಅಳಬೇಕೋ?

ಸಂಜೆ ಕಡಲಿಗೆ ನಡೆದೆ. ದಡದ ದೊಡ್ಡ ಬಂಡೆಯ ಮೇಲೆ 1901ರ ದೀಪಸ್ತಂಭ. ಕೆಳಗೆ ಕಪ್ಪು ಕಲ್ಲುಗಳು. ನಮ್ಮೂರ ಕಲ್ಲನ್ನು ಉಳಿ ಕೆತ್ತಿತು, ಇಲ್ಲಿಯದನ್ನು ನೀರು ಕೆತ್ತುತ್ತಲೇ ಇದೆ. ಅಲ್ಲಿ ಅಲೆಯ ಸೆಳೆತ ಜೋರು. ಪಾದ ತೋಯಿಸಿದರೆ ಸಾಕು, ಈಜುವ ಶೌರ್ಯ ಬೇಡ.

ಮೀನಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಬಂದಳು. ಒಂದು ಬೆರಳೆತ್ತಿ ತುಳುವಿನಲ್ಲಿ ಏನೋ ಕೇಳಿದಳು. ಅರ್ಥವಾಯಿತು. ತಲೆ ಆಡಿಸಿದೆ. ಆಕೆ ತನ್ನ ಎದೆ ಮುಟ್ಟಿಕೊಂಡು ಅದೇ ಬೆರಳು ತೋರಿಸಿದಳು: ತಾನೂ ಒಬ್ಬಳೇ! ಇಬ್ಬರೂ ಕೂತು ಚಕ್ಕುಲಿ ತಿಂದೆವು.

ಸೂರ್ಯ ಮುಳುಗಿದ. ಯಜಮಾನರು ನೆನಪಾಗಿ ಅಳು ಬರುತ್ತೆ ಅಂದುಕೊಂಡಿದ್ದೆ. ಬರಲಿಲ್ಲ. ಹಸಿವಾಯಿತು. ಹೋಟೆಲಿಗೆ ಹೋಗಿ ಎರಡು ಪ್ಲೇಟ್ ಗೋಳಿಬಜೆ ತಿಂದೆ.

ಮರುದಿನ ರಾತ್ರಿ ಊರು ಸೇರಿದೆ. “ಹೆಂಗಿತ್ತಮ್ಮಾ?” ಅಂದ ಮಗ. “ದೊಡ್ಡದಾಗಿತ್ತು ಕಣೋ” ಅಂದೆ. ಬೇರೆ ಮಾತು ಸಿಗಲಿಲ್ಲ.

ಮೊನ್ನೆ ಅಂಗಡಿಗೆ ಬೆನ್ನಚೀಲದ ಹುಡುಗಿಯೊಬ್ಬಳು ಬಂದಳು. ಹಿಂದೆ ಮುಂದೆ ಯಾರೂ ಇಲ್ಲ. “ಒಬ್ಳೇನಾ ಮಗಾ?” ಎಂಬ ಮಾತು ನಾಲಿಗೆ ತುದಿಗೇ ಬಂತು. ನುಂಗಿಕೊಂಡೆ.

“ಬಾಮ್ಮ, ಕೂತ್ಕೋ. ನೀರು ಕುಡೀತೀಯಾ?” ಅಂದೆ.